ತೂಕ ಸರಿಹೋದ ಮೇಲೆ ಮೂಡಿದ ಕೋಷ್ಟಕ

ಶಾಲೆಯ ಪಾಠಗಳಲ್ಲಿ ಆವರ್ತ ಕೋಷ್ಟಕದ ಇತಿಹಾಸ ಹೆಸರುಗಳ ಸಾಲಾಗಿ ಬರುತ್ತದೆ: ಡೋಬರೈನರ್, ನ್ಯೂಲ್ಯಾಂಡ್ಸ್, ಮೆಂಡಲೀವ್, ಮೋಸ್ಲೆ. ಒಬ್ಬರು ಎಡವಿದ್ದನ್ನು ಮುಂದಿನವರು ತಿದ್ದಿದರು ಎಂಬಂತೆ. ಆದರೆ 1860ರ ದಶಕದ ಏಳೆಂಟು ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಐದಾರು ಮಂದಿ ಹೆಚ್ಚುಕಡಿಮೆ ಒಂದೇ ವಿಚಾರಕ್ಕೆ, ಅಂದರೆ ತೂಕದ ಕ್ರಮದಲ್ಲಿ ಇಟ್ಟರೆ ಧಾತುಗಳ ಗುಣಗಳು ಮರುಕಳಿಸುತ್ತವೆ ಎಂಬಲ್ಲಿಗೆ, ಬಂದು ತಲುಪಿದ್ದು ಹೇಗೆ? ಆ ಸಾಲು ಇದಕ್ಕೆ ಉತ್ತರ ಕೊಡುವುದಿಲ್ಲ.

ಧಾತುಗಳಲ್ಲಿ ಏನೋ ಕ್ರಮವಿದೆ ಎಂಬ ಗುಮಾನಿ ಹಳೆಯದು. 1829ರಲ್ಲಿ ಜರ್ಮನಿಯ ಡೋಬರೈನರ್ ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳಂಥ ತ್ರಿವಳಿಗಳನ್ನು ತೋರಿಸಿದ್ದರು; ನಡುವಿನದರ ತೂಕ ಉಳಿದೆರಡರ ಸರಾಸರಿಗೆ ಹತ್ತಿರ. ಮುಂದಿನ ಮೂವತ್ತು ವರ್ಷ ಆ ಎಳೆ ಹೆಚ್ಚು ದೂರ ಸಾಗಲಿಲ್ಲ. ಸಾಗುವಂತೆಯೂ ಇರಲಿಲ್ಲ, ಏಕೆಂದರೆ ಪರಮಾಣು ತೂಕಗಳೇ ಗೊಂದಲದಲ್ಲಿದ್ದವು. ನೀರಿನಲ್ಲಿ ಜಲಜನಕದ ಪರಮಾಣು ಒಂದೋ ಎರಡೋ ಎಂಬುದೇ ಇತ್ಯರ್ಥವಾಗಿರಲಿಲ್ಲ. ಒಂದು ಎಂದವರಿಗೆ ಆಮ್ಲಜನಕದ ತೂಕ 8, ಎರಡು ಎಂದವರಿಗೆ 16. ಇಂಗಾಲ ಕೆಲವರಿಗೆ 6, ಕೆಲವರಿಗೆ 12. ಅಸಿಟಿಕ್ ಆಮ್ಲವೊಂದಕ್ಕೇ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಜರ್ಮನಿಯ ರಸಾಯನ ವಿಜ್ಞಾನಿ ಕೆಕುಲೆ ತಮ್ಮ ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿದ್ದಾರೆ. ಇಂಥ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟರೆ ಯಾವ ಮೇಧಾವಿಗೂ ನಿಯಮ ಕಾಣುತ್ತಿರಲಿಲ್ಲ.

1860ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಲ್ಸ್‌ರೂ ನಗರದಲ್ಲಿ ಯುರೋಪಿನ ರಸಾಯನ ವಿಜ್ಞಾನಿಗಳು ಸೇರಿದ್ದು ಈ ಗೋಜಲು ಬಿಡಿಸಲೆಂದೇ. ಮೂರು ದಿನ ಚರ್ಚೆ ನಡೆದರೂ ಒಮ್ಮತ ಮೂಡಲಿಲ್ಲ. ಮುಗಿಯುವ ಹೊತ್ತಿಗೆ ಇಟಲಿಯ ಕ್ಯಾನಿಝಾರೊ ಬರೆದ ಕಿರುಹೊತ್ತಗೆಯೊಂದನ್ನು ಹಂಚಲಾಯಿತು. ಒಂದೇ ಉಷ್ಣತೆ, ಒತ್ತಡಗಳಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಎಂದು ಅವೊಗಾಡ್ರೊ 1811ರಲ್ಲೇ ಮುಂದಿಟ್ಟಿದ್ದ ಊಹೆಯನ್ನು ಹಿಡಿದು ತೂಕಗಳನ್ನು ಖಚಿತವಾಗಿ ಲೆಕ್ಕ ಹಾಕುವ ದಾರಿ ಅದರಲ್ಲಿತ್ತು. ಅದನ್ನು ಓದಿ ತನ್ನ ಕಣ್ಣಿನ ಪೊರೆ ಕಳಚಿತು ಎಂದು, ಮುಂದೆ ತಾವೂ ಇಂಥದೇ ಕೋಷ್ಟಕ ರಚಿಸಿದ ಜರ್ಮನಿಯ ಲೋಥರ್ ಮೇಯರ್ ಬರೆದರು. 26ರ ಹರೆಯದ ಮೆಂಡಲೀವ್ ಕೂಡ ಆ ಸಮ್ಮೇಳನದಲ್ಲಿದ್ದರು. ಇಡೀ ಕಥೆಯ ತಿರುವು ಇದೇ. ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಆಮೇಲೆ ಎಲ್ಲವೂ ಬಿರುಸಾಯಿತು. 1862ರಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಡಿ ಶಾಂಕೂರ್ಟ್ವಾ ಧಾತುಗಳನ್ನು ಉರುಳೆಯೊಂದರ ಸುತ್ತ ಸುರುಳಿಯಾಗಿ ಬರೆದರು. ಪ್ರಬಂಧ ಅಚ್ಚಾಯಿತು, ಅದರ ಜೀವಾಳವಾದ ಚಿತ್ರ ಮಾತ್ರ ಅಚ್ಚಾಗಲಿಲ್ಲ. 1864ರಲ್ಲಿ ಲಂಡನ್ನಿನ ನ್ಯೂಲ್ಯಾಂಡ್ಸ್, ಸಿಲಿಕಾನ್ ಮತ್ತು ತವರದ ನಡುವೆ ಸುಮಾರು 73 ತೂಕದ ಧಾತುವೊಂದು ಕಾಣೆಯಾಗಿದೆ ಎಂದರು. 1866ರಲ್ಲಿ ಅವರು, ಪ್ರತಿ ಎಂಟನೆಯ ಧಾತುವಿನಲ್ಲಿ ಗುಣ ಮರುಕಳಿಸುತ್ತದೆ ಎಂಬ ಅಷ್ಟಕ ನಿಯಮವನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟಾಗ, ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ನೋಡಿದ್ದೀರಾ ಎಂದು ಸಭಿಕರೊಬ್ಬರು ಕೇಳಿದರು. ಪ್ರಬಂಧ ಅಲ್ಲಿ ಪ್ರಕಟವಾಗಲಿಲ್ಲ. ಆ ಕೋಷ್ಟಕದಲ್ಲಿ ಕೋಬಾಲ್ಟ್ ಮತ್ತು ನಿಕಲ್ ಒಂದೇ ಮನೆಯಲ್ಲಿದ್ದವು, ಹೊಸ ಧಾತುಗಳಿಗೆ ಖಾಲಿ ಮನೆಯೂ ಇರಲಿಲ್ಲ ಎಂಬುದು ನಿಜ. ಹಾಗಿದ್ದರೂ ಅದು ಪಡೆಯಬೇಕಾಗಿದ್ದ ಉತ್ತರ ಅದಲ್ಲ.

1869ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 63 ಧಾತುಗಳನ್ನು ಜೋಡಿಸಿದ ಮೆಂಡಲೀವ್ ಅವರ ಹಿರಿಮೆ ಧೈರ್ಯದಲ್ಲಿದೆ. ಹೊಂದದ ತೂಕವೇ ತಪ್ಪೆಂದು ಅವರು ಸಾರಿದರು. 120ರ ಆಸುಪಾಸಿನಲ್ಲಿದ್ದ ಯುರೇನಿಯಂ ಅನ್ನು 1871ರ ಹೊತ್ತಿಗೆ 240ಕ್ಕೆ ಏರಿಸಿದರು. ಖಾಲಿ ಬಿಟ್ಟ ಮನೆಗಳಿಗೆ ಬರಬೇಕಾದ ಧಾತುಗಳ ಗುಣಗಳನ್ನೂ ಬರೆದಿಟ್ಟರು. 1875ರಲ್ಲಿ ಫ್ರಾನ್ಸಿನ ಬ್ವಾಬೊದ್ರಾನ್ ಅಂಥದೊಂದು ಮನೆಗೆ ಸೇರುವ ಗ್ಯಾಲಿಯಂ ಕಂಡುಹಿಡಿದು ಸಾಂದ್ರತೆ 4.7 ಎಂದರು. 5.9ರ ಸುಮಾರಿಗೆ ಇರಬೇಕು ಎಂದು ಮೆಂಡಲೀವ್ ಬರೆದರು. ಲೋಹವನ್ನು ಶುದ್ಧಗೊಳಿಸಿ ಅಳೆದಾಗ ಬಂದದ್ದು 5.9. 1886ರಲ್ಲಿ ಸಿಕ್ಕ ಜರ್ಮೇನಿಯಂ, ನ್ಯೂಲ್ಯಾಂಡ್ಸ್ ಸೂಚಿಸಿದ್ದ ಜಾಗದಲ್ಲೇ ಬಂದು ಕುಳಿತಿತು.

ರಾಯಲ್ ಸೊಸೈಟಿ 1882ರಲ್ಲಿ ಡೇವಿ ಪದಕವನ್ನು ಮೆಂಡಲೀವ್ ಮತ್ತು ಮೇಯರ್ ಇಬ್ಬರಿಗೂ, 1887ರಲ್ಲಿ ನ್ಯೂಲ್ಯಾಂಡ್ಸ್ ಅವರಿಗೆ ನೀಡಿತು. ಉಳಿದದ್ದು ಟೆಲ್ಲೂರಿಯಂ ತಂಟೆ: ಗುಣ ನೋಡಿದರೆ ಅಯೋಡಿನ್‌ಗಿಂತ ಮೊದಲು, ತೂಕ ನೋಡಿದರೆ ಆಮೇಲೆ. ಇಲ್ಲೂ ತೂಕವೇ ತಪ್ಪೆಂದು ಮೆಂಡಲೀವ್ ನಂಬಿದ್ದರು, ಆದರೆ ಅಳತೆ ಸರಿಯಾಗಿಯೇ ಇತ್ತು. 1913ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಮೋಸ್ಲೆ ಎಕ್ಸ್‌ರೇ ಪ್ರಯೋಗಗಳಿಂದ ಕ್ರಮವನ್ನು ನಿರ್ಧರಿಸುವುದು ತೂಕವಲ್ಲ, ಪರಮಾಣು ಸಂಖ್ಯೆ (ಪರಮಾಣುವಿನ ಬೀಜದಲ್ಲಿರುವ ಧನ ವಿದ್ಯುದಂಶದ ಎಣಿಕೆ) ಎಂದು ತೋರಿಸಿದರು. ಅದರಂತೆ ಟೆಲ್ಲೂರಿಯಂ 52, ಅಯೋಡಿನ್ 53.