ಕಾವಲುಗಾರನಿಗೆ ಯಾವ ಬೀಗದ ಕೈ?

ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುವ ನಮ್ಮ ಭಾವ ಕಳೆದ ತಿಂಗಳು ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಕಳಿಸಿದರು. ಒಂದರಲ್ಲಿ 20 ಅಕ್ಷರ, ಇನ್ನೊಂದರಲ್ಲಿ 40. ‘ಇವೆರಡನ್ನೂ ಸಾಫ್ಟ್‌ವೇರಿನವರಿಗೆ ಕೊಡಬೇಕಂತೆ, ಸರಿಯಾಗಿದೆಯೇ ನೋಡು’ ಎಂದು ಕೆಳಗೆ ಬರೆದಿದ್ದರು. ಮಂಡಿಯ ಬಿಲ್ಲು, ಲೆಕ್ಕಪತ್ರ, ರೈತರ ಬ್ಯಾಂಕ್ ಖಾತೆಗಳ ಪಟ್ಟಿ ಎಲ್ಲವೂ ಅಮೆಜಾನ್‌ನ ಎಸ್3 ಎಂಬ ಕ್ಲೌಡ್ ಉಗ್ರಾಣದಲ್ಲಿವೆ. ಅದನ್ನು ಕಾಯಲು ಭದ್ರತಾ ತಂತ್ರಾಂಶವೊಂದನ್ನು ಜೋಡಿಸುವುದಿತ್ತು. ಭಾವ ನನಗೆ ಕಳಿಸಿದ್ದು ಉಗ್ರಾಣದ ಬೀಗದ ಕೈಯನ್ನೇ!

20 ಅಕ್ಷರದ್ದು ಆಕ್ಸೆಸ್ ಕೀ. ಅದು ಬರೀ ಹೆಸರು. 40 ಅಕ್ಷರದ್ದು ಸೀಕ್ರೆಟ್ ಕೀ, ಗುಟ್ಟಿನದು. ಸ್ವಾರಸ್ಯವೆಂದರೆ, ಕಡತ ಬೇಕೆಂದು ಉಗ್ರಾಣಕ್ಕೆ ಕೋರಿಕೆ ಕಳಿಸುವಾಗ ಈ ಗುಟ್ಟು ಅಂತರ್ಜಾಲದಲ್ಲಿ ಸಾಗುವುದೇ ಇಲ್ಲ. ಕೋರಿಕೆಯನ್ನೂ ಹೊತ್ತನ್ನೂ ಗುಟ್ಟನ್ನೂ ಸೇರಿಸಿ ಅರೆದು ಒಂದು ಸಹಿ ತಯಾರಾಗುತ್ತದೆ. ಅಮೆಜಾನ್ ತನ್ನ ಬಳಿಯ ಗುಟ್ಟಿನಿಂದ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಗಡಿಯಾರ 15 ನಿಮಿಷಕ್ಕಿಂತ ಹೆಚ್ಚು ಆಚೀಚೆಯಾದರೆ ಕೋರಿಕೆ ತಿರಸ್ಕೃತ. ಇಷ್ಟು ಜಾಣತನದಿಂದ ಕಾಪಾಡಿದ ಗುಟ್ಟನ್ನು ನಾವು ವಾಟ್ಸ್‌ಆ್ಯಪ್‌ಗೆ ಅಂಟಿಸುತ್ತೇವೆ.

ತಿಪಟೂರಿನ ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಡುತ್ತಾರೆ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟಕ್ಕೆ ಅಗುಳಿ ಬಿದ್ದಿದೆಯೇ ಎಂದು ನೋಡುವವನಿಗೆ ಕಾಯಿ ಮುಟ್ಟುವ ಅಧಿಕಾರ ಬೇಕಿಲ್ಲ. ಕ್ಲೌಡ್‌ನಲ್ಲಿಯೂ ಹಾಗೆಯೇ. ಕಡತಗಳ ಪಟ್ಟಿ ನೋಡುವುದು, ಕಡತ ಓದುವುದು, ಬರೆಯುವುದು, ಅಳಿಸುವುದು ಬೇರೆ ಬೇರೆ ಅನುಮತಿಗಳು. ಉಗ್ರಾಣ ಊರಿಗೆಲ್ಲ ತೆರೆದುಕೊಂಡಿದೆಯೇ ಎಂದಷ್ಟೇ ಪರೀಕ್ಷಿಸುವ ತಂತ್ರಾಂಶಕ್ಕೆ ಕಡತ ಓದುವ ಅನುಮತಿಯೂ ಬೇಡ. ವೈರಸ್ ಹುಡುಕುವುದಕ್ಕಾದರೆ ಓದಲೇಬೇಕು. ಭಾವ ಕಳಿಸಿದ್ದ ಕೀಗೆ ನಾಲ್ಕೂ ಇದ್ದವು.

ಕಾವಲಿನವನನ್ನೇ ಏಮಾರಿಸಿದ ಪ್ರಸಂಗ 2019ರಲ್ಲಿ ನಡೆಯಿತು. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಉಗ್ರಾಣದಿಂದ ಅಲ್ಲಿನ ಸುಮಾರು 10 ಕೋಟಿ, ಕೆನಡಾದ 60 ಲಕ್ಷ ಜನರ ಮಾಹಿತಿ ಸೋರಿತು. ದಾರಿ ಮಾಡಿಕೊಟ್ಟದ್ದು ಬ್ಯಾಂಕನ್ನು ಕಾಯಲೆಂದೇ ಇಟ್ಟಿದ್ದ, ಅನುಮಾನದ ಕೋರಿಕೆಗಳನ್ನು ತಡೆಯಬೇಕಾದ ಫೈರ್‌ವಾಲ್. ಅದನ್ನು ಸರಿಯಾಗಿ ಹೊಂದಿಸಿರಲಿಲ್ಲ. ದಾಳಿಕೋರರು ಅದರ ಬಾಯಿಂದಲೇ ಅದರ ತಾತ್ಕಾಲಿಕ ಕೀ ಹೊರಡಿಸಿದರು. ಫೈರ್‌ವಾಲ್‌ಗೆ ಉಗ್ರಾಣದ ಕಡತ ಓದುವ ಅನುಮತಿ ಏಕಿತ್ತು? ನನಗೆ ಆ ಕಳ್ಳತನಕ್ಕಿಂತ ಈ ಔದಾರ್ಯವೇ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಹಾಗಾಗಿ ಮೊದಲು ಅನುಮತಿಯನ್ನು ಕತ್ತರಿಸಿದೆವು. ಆಮೇಲೆ ಖಾಯಂ ಕೀ ಬಿಟ್ಟು ‘ರೋಲ್’ ಮಾಡಿದೆವು. ರೋಲ್ ಎಂದರೆ ವೇಷವಿದ್ದಂತೆ: ತಂತ್ರಾಂಶದವರು ಬಂದು ಅದನ್ನು ತೊಟ್ಟುಕೊಂಡಾಗ ತಾತ್ಕಾಲಿಕ ಕೀ ಸಿಗುತ್ತದೆ. ನಾವಾಗಿ ಬದಲಿಸದಿದ್ದರೆ ಅದರ ಆಯಸ್ಸು ಒಂದು ಗಂಟೆ.

ಇದರಲ್ಲಿಯೂ ಒಂದು ತೊಡಕಿದೆ. ತಂತ್ರಾಂಶದ ಕಂಪನಿ ಬೇರೆ ಗಿರಾಕಿಗಳ ಉಗ್ರಾಣವನ್ನೂ ಕಾಯುತ್ತದೆ. ಅವರಲ್ಲೊಬ್ಬ ಆ ಕಂಪನಿಯಲ್ಲಿರುವ ತನ್ನ ಖಾತೆಯಲ್ಲಿ ನಮ್ಮ ರೋಲಿನ ಹೆಸರು ಬರೆದುಬಿಟ್ಟರೆ? ಕಂಪನಿ ಪಾಪ ನಮ್ಮ ಬಾಗಿಲನ್ನು ಅವನಿಗಾಗಿ ತೆರೆದೀತು. ಯಾರಿಗಾಗಿ ಕೆಲಸ ಮಾಡುತ್ತಿದ್ದೇನೆಂದು ತಿಳಿಯದೆ ತನ್ನ ಅಧಿಕಾರವನ್ನು ಪರರಿಗೆ ಬಳಸಿಬಿಡುವ ಇಂಥ ಗುಮಾಸ್ತನ ಸಮಸ್ಯೆಯನ್ನು ಕಂಪ್ಯೂಟರ್ ತಜ್ಞ ನಾರ್ಮ್ ಹಾರ್ಡಿ 1988ರಲ್ಲೇ ವಿವರಿಸಿದ್ದರು. ಅವರ ಉದಾಹರಣೆಯಲ್ಲಿ ಒಂದು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ), ಬಳಕೆದಾರ ಹೇಳಿದನೆಂದು ತನ್ನದೇ ಕಂಪನಿಯ ಬಿಲ್ಲಿನ ಕಡತದ ಮೇಲೆಯೇ ಬರೆದುಬಿಟ್ಟಿತ್ತು. ಅಮೆಜಾನ್‌ನಲ್ಲಿ ಇದಕ್ಕೆ ಪರಿಹಾರ ‘ಎಕ್ಸ್‌ಟರ್ನಲ್ ಐಡಿ’. ಕಂಪನಿ ಪ್ರತಿ ಗಿರಾಕಿಗೂ ಬೇರೆ ಸಂಖ್ಯೆ ಕೊಡುತ್ತದೆ. ಅದು ಹೊಂದದಿದ್ದರೆ ರೋಲ್ ದಕ್ಕುವುದಿಲ್ಲ.

ವಾಟ್ಸ್‌ಆ್ಯಪ್‌ಗೆ ಬಂದಿದ್ದ ಕೀಯನ್ನು ಅಂದೇ ರದ್ದು ಮಾಡಿದೆವು. ಸಂದೇಶ ಅಳಿಸಿದರೆ ಸಾಲದೇ ಎಂದು ಭಾವ ಕೇಳಿದರು, ಸಾಲದು. ಮರುದಿನ ತಂತ್ರಾಂಶದ ಮೊದಲ ವರದಿ ಬಂತು. ಖಾತೆಯಲ್ಲಿ ಇನ್ನೊಂದು ಕೀ ಇದೆ, ಅದಕ್ಕೆ ಸಕಲ ಅಧಿಕಾರವೂ ಇದೆ, ಒಮ್ಮೆಯೂ ಬಳಕೆಯಾಗಿಲ್ಲ. ಯಾರು ಮಾಡಿದ್ದೆಂದು ಭಾವ ಈಗಲೂ ನೆನಪಿಸಿಕೊಳ್ಳುತ್ತಿದ್ದಾರೆ.