ಗುದ್ದಲಿಯಿಂದ ಪಾಯಿಂಟ್‌ವರೆಗೆ: ಕಾಲೇಜು ಸೇವೆ ನಡೆದು ಬಂದ ದಾರಿ

ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷಕ್ಕೆ ಬಂದವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದಿದೆ: 'ನಿಂದು ಪಾಯಿಂಟ್ ಎಷ್ಟಾಯ್ತು?' ಗಿಡ ನೆಟ್ಟಿದ್ದಕ್ಕೆ, ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದ್ದಕ್ಕೆ, ಹಳ್ಳಿಗೆ ಹೋಗಿ ಕೆಲಸ ಮಾಡಿದ್ದಕ್ಕೆ ಸಿಗುವ ಪಾಯಿಂಟ್ ಇದು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮದಂತೆ ವಿಟಿಯುನಲ್ಲಿ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ನಾಲ್ಕು ವರ್ಷ ಓದುವವರಿಗೆ 100 ಪಾಯಿಂಟ್ ಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75 ಸಾಕು. ಗ್ರೇಡಿಗೆ ಇದು ಸೇರುವುದಿಲ್ಲ. ಆದರೆ ಇದು ತುಂಬದೆ ಪದವಿ ಕೈಗೆ ಬರುವುದಿಲ್ಲ.

'ಸೇವೆಯನ್ನೂ ಕಡ್ಡಾಯ ಮಾಡೋದಾ?' ಅಂತ ಅಪ್ಪ ಅಮ್ಮಂದಿರು ಗೊಣಗುತ್ತಾರೆ. ಈ ಗೊಣಗಾಟ ಹೊಸದೇನಲ್ಲ. ಸ್ವಾತಂತ್ರ್ಯ ಬಂದಾಗಿನಿಂದ ದೆಹಲಿಯಲ್ಲಿ ಇದೇ ಚರ್ಚೆ ನಡೆದಿದೆ. ಕಡ್ಡಾಯ ಅನ್ನುವ ಮಾತು ಮತ್ತೆ ಮತ್ತೆ ಎದ್ದಿದೆ, ಹಾಗೇ ಮತ್ತೆ ಮತ್ತೆ ಕೂತಿದೆ. ವಿದ್ಯಾರ್ಥಿಯಿಂದ ಎಷ್ಟು ಸಮಯ ತೆಗೆದುಕೊಳ್ಳಬೇಕು ಅಂತ ಎಲ್ಲರೂ ತಲೆ ಕೆಡಿಸಿಕೊಂಡರು. ಸೇವೆ ಪಡೆಯುವವರಿಗೆ ಏನು ಬೇಕು ಅಂತ ಕೇಳಿದವರು ಕಡಿಮೆ ಅನ್ನುವುದು ನನ್ನ ತಕರಾರು.

ಹಳೆಯ ಮೈಸೂರು ಸೀಮೆಯಲ್ಲಿ ಇದು ತಿರುಗುಮುರುಗಾಗಿತ್ತು. ಅಲ್ಲಿ ಊರೇ ವಿದ್ಯಾರ್ಥಿಯ ಸೇವೆ ಮಾಡುತ್ತಿತ್ತು. ವಾರಾನ್ನದ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಉಂಡು ಬೆಂಗಳೂರು, ಮೈಸೂರಲ್ಲಿ ಓದಿದರು. ಜಾತಿ ನೋಡಿಯೇ ಎಲೆ ಹಾಕುತ್ತಿದ್ದ ಕಾಲ ಅದು. ಹಾಗಾಗಿ ಆ ಅನ್ನ ಎಲ್ಲರಿಗೂ ಸಿಗುತ್ತಿರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. ಸಿಗದವರಿಗೆ ಸಮುದಾಯಗಳು ಕಟ್ಟಿದ ಉಚಿತ ಹಾಸ್ಟೆಲುಗಳೇ ದಿಕ್ಕಾದವು.

ಓದುವವರು ಊರಿಗೆ ಏನೋ ಬಾಕಿ ಇದ್ದಾರೆ ಅನ್ನುವ ಮಾತನ್ನು ಬೆಂಗಳೂರಲ್ಲಿ ನೇರವಾಗಿ ಆಡಿದವರಲ್ಲಿ ಗಾಂಧೀಜಿಯೂ ಒಬ್ಬರು. 1927ರಲ್ಲಿ ಆರೋಗ್ಯ ಕೆಟ್ಟು ನಂದಿ ಬೆಟ್ಟದಲ್ಲೂ ಬೆಂಗಳೂರಲ್ಲೂ ಉಳಿದಿದ್ದರು. ಆ ಜುಲೈನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಇಂದಿನ ಐಐಎಸ್ಸಿಗೆ, ಹೋದರು. ನೀವು ಕಂಡುಹಿಡಿಯುವುದೆಲ್ಲ ಬಡವರ ಒಳಿತಿಗೆ ಆಗದಿದ್ದರೆ ಏನು ಪ್ರಯೋಜನ ಅನ್ನುವ ಅರ್ಥದ ಮಾತನ್ನು ಖಾರವಾಗಿಯೇ ಹೇಳಿ ಬಂದರು. ಸುಮಾರು ಐದು ದಶಕ ಆದ ಮೇಲೆ, 1974ರಲ್ಲಿ, ಅದೇ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಮತ್ತು ಜೊತೆಗಾರರು ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರ ಶುರು ಮಾಡಿದರು. ತುಮಕೂರು ಜಿಲ್ಲೆಯ ಉಂಗ್ರ ಅದರ ಪ್ರಯೋಗದ ಊರು. ಕಡಿಮೆ ಸೌದೆ ಸಾಕಾಗುವ ಅಸ್ತ್ರ ಒಲೆ ನಾಡಿನ ಎಷ್ಟೋ ಅಡುಗೆಮನೆ ಹೊಕ್ಕಿತು. ಇದು ವಿದ್ಯಾರ್ಥಿ ಸೇವೆ ಅಲ್ಲ, ನಿಜ. ಆದರೂ ಇಲ್ಲಿ ಯಾಕೆ ನೆನೆಯಬೇಕು ಅಂದರೆ, ಅವರು ಊರಿನಲ್ಲಿ ಸೌದೆ ಎಷ್ಟು ಖರ್ಚಾಗುತ್ತದೆ, ಹೊತ್ತು ತರುವವರು ಯಾರು ಅಂತ ಮೊದಲು ಅಳೆದರು. ಆಮೇಲೆ ಒಲೆ ಕಟ್ಟಿದರು.

ಸರ್ಕಾರದ ಕಡೆಯ ಕಥೆ ಬೇರೆ. ವಿಶ್ವವಿದ್ಯಾಲಯ ಶಿಕ್ಷಣದ ಬಗ್ಗೆ ನೇಮಿಸಿದ್ದ ರಾಧಾಕೃಷ್ಣನ್ ಆಯೋಗ 1949ರಲ್ಲಿ, ವಿದ್ಯಾರ್ಥಿಗಳು ಇಷ್ಟಪಟ್ಟು ರಾಷ್ಟ್ರೀಯ ಸೇವೆ ಮಾಡುವಂತಾಗಲಿ ಅಂದಿತು. ಮೊದಲ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಶ್ರಮದಾನ ಶಿಬಿರಗಳು ನಡೆದವು. 1958ರಲ್ಲಿ ನೆಹರೂ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಪದವಿಗೆ ಮುಂಚೆ ಸಮಾಜ ಸೇವೆ ಇರಬೇಕಲ್ಲವೇ ಅಂತ ಕೇಳಿದರು. ಮರುವರ್ಷ ಸಿ.ಡಿ. ದೇಶ್‌ಮುಖ್ ಸಮಿತಿ ಇನ್ನೂ ಮುಂದೆ ಹೋಯಿತು. ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಬರುವ ಪ್ರತಿಯೊಬ್ಬರೂ ಒಂಬತ್ತು ತಿಂಗಳಿಂದ ಒಂದು ವರ್ಷ ಸೇವೆ ಮಾಡಲೇಬೇಕು ಅಂದಿತು. ಒಂದು ವರ್ಷ! ಅಷ್ಟು ಮಕ್ಕಳಿಗೆ ಊಟ, ವಸತಿ, ಮೇಲ್ವಿಚಾರಕರು ಅಂತ ಖರ್ಚಿನ ಲೆಕ್ಕ ಹಾಕಿದ ಮೇಲೆ ವರದಿ ಅಲ್ಲಿಗೇ ನಿಂತಿತು. 1960ರಲ್ಲಿ ಶಿಕ್ಷಣ ತಜ್ಞ ಕೆ.ಜಿ. ಸೈಯ್ಯಿದೈನ್ ಬೇರೆ ದೇಶಗಳ ಪದ್ಧತಿ ನೋಡಿ ಬಂದು, ಬಲವಂತ ಬೇಡ, ಇಷ್ಟವಿದ್ದವರು ಬರಲಿ ಅಂದರು.

ಅಷ್ಟರಲ್ಲಿ ಚೀನಾ ಯುದ್ಧ ಬಂತು. 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. ಎಲ್ಲರಿಗೂ ಬೂಟು, ಬಂದೂಕು, ಪೆರೇಡು. ಐದು ವರ್ಷಕ್ಕೆ ಅದೂ ಸಾಕಾಗಿ 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಪೆರೇಡು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇರಲಿ ಅನ್ನುವ ಮಾತು 1967ರ ಶಿಕ್ಷಣ ಸಚಿವರ ಸಭೆಯಲ್ಲೇ ಬಂದಿತ್ತು. ಹಾಗೆ ಹುಟ್ಟಿದ್ದು ರಾಷ್ಟ್ರೀಯ ಸೇವಾ ಯೋಜನೆ, ನಮ್ಮ ಬಾಯಲ್ಲಿ ಎನ್‌ಎಸ್‌ಎಸ್. ಗಾಂಧಿ ಹುಟ್ಟಿ ನೂರು ವರ್ಷವಾದಾಗ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಇದು ಶುರುವಾಯಿತು. ನಾಲ್ಕನೇ ಯೋಜನೆಯಲ್ಲಿ ಇದಕ್ಕೆ ಇಟ್ಟ ಹಣ 5 ಕೋಟಿ ರೂಪಾಯಿ.

ಶುರು ಮಾಡಿದ ಶಿಕ್ಷಣ ಸಚಿವರು ಡಾ. ವಿ.ಕೆ.ಆರ್.ವಿ. ರಾವ್. ಆಗ ಬಳ್ಳಾರಿಯ ಸಂಸದರು. 1972ರಲ್ಲಿ ಬೆಂಗಳೂರಲ್ಲಿ ಸಮಾಜ ವಿಜ್ಞಾನ ಸಂಶೋಧನೆಯ ಐಸೆಕ್ ಸಂಸ್ಥೆ ಕಟ್ಟಿದವರೂ ಅವರೇ. ನಾಗರಬಾವಿ ಕಡೆ ದಿನಾ ಓಡಾಡುವ ಎಷ್ಟೋ ಜನರಿಗೆ ಆ ಕ್ಯಾಂಪಸ್ ಗೊತ್ತು. ಅದನ್ನು ಕಟ್ಟಿದವರಿಗೂ ತಮ್ಮ ಕಾಲೇಜಿನ ಎನ್‌ಎಸ್‌ಎಸ್‌ಗೂ ನಂಟಿದೆ ಅನ್ನುವುದು ಗೊತ್ತಿಲ್ಲ. ಬೆಂಗಳೂರಿನ ಎನ್‌ಎಸ್‌ಎಸ್ ದಿನಾಚರಣೆಗಳಲ್ಲಿ ಅವರ ಫೋಟೋ ಇಡುವವರು ಇದ್ದರೆ ಒಳ್ಳೆಯದು.

'ನನಗಲ್ಲ, ನಿನಗೆ' ಅನ್ನುವುದು ಧ್ಯೇಯವಾಕ್ಯ. ಎದೆಯ ಮೇಲೆ ಕೊನಾರ್ಕ್ ಸೂರ್ಯ ದೇವಾಲಯದ ಚಕ್ರದ ಬ್ಯಾಡ್ಜ್. ಒಂದು ಘಟಕಕ್ಕೆ ಸಾಮಾನ್ಯವಾಗಿ 100 ಸ್ವಯಂಸೇವಕರು, ನೋಡಿಕೊಳ್ಳಲು ಒಬ್ಬ ಕಾರ್ಯಕ್ರಮ ಅಧಿಕಾರಿ. ಈ ಅಧಿಕಾರಿ ಅಂದರೆ ಪಾಠ, ಪರೀಕ್ಷೆ, ಮೌಲ್ಯಮಾಪನದ ಜೊತೆಗೆ ಇದನ್ನೂ ಹೊರುವ ಒಬ್ಬ ಮೇಷ್ಟ್ರು ಅಥವಾ ಮೇಡಂ. ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೊಡಬೇಕು. ದತ್ತು ತೆಗೆದುಕೊಂಡ ಊರಲ್ಲಿ ಒಂದು ವಾರದ ವಿಶೇಷ ಶಿಬಿರವನ್ನೂ ಮುಗಿಸಬೇಕು.

ಶಿಬಿರದ ರೂಪ ನಮ್ಮಲ್ಲಿ ಹೆಚ್ಚು ಬದಲಾಗಿಲ್ಲ. ಸರ್ಕಾರಿ ಶಾಲೆಯ ಕೋಣೆಯಲ್ಲೋ ಸಮುದಾಯ ಭವನದಲ್ಲೋ ಚಾಪೆ ಹಾಸಿ ಮಲಗುವುದು. ಬೆಳಗ್ಗೆ ಪ್ರಭಾತ ಫೇರಿ, ಧ್ವಜಾರೋಹಣ, ಉಪ್ಪಿಟ್ಟು. ಆಮೇಲೆ ಗುದ್ದಲಿ, ಬಾಂಡ್ಲಿ ಹಿಡಿದು ಶ್ರಮದಾನ: ಚರಂಡಿ ಹೂಳು, ಕಲ್ಯಾಣಿಯ ಕಸ, ದಾರಿ ಬದಿಯ ಪಾರ್ಥೇನಿಯಂ. ಮಧ್ಯಾಹ್ನ ನಿದ್ದೆ ತೂಗುವ ಹೊತ್ತಿಗೆ ಸರಿಯಾಗಿ ಒಂದು ಉಪನ್ಯಾಸ. ಒಂದು ದಿನ ಕಣ್ಣಿನ ತಪಾಸಣೆ, ಒಂದು ದಿನ ದನಗಳ ತಪಾಸಣೆ. ಸಂಜೆ ಊರ ಮುಂದೆ ನಾಟಕ, ಕೊನೆಯ ರಾತ್ರಿ ಶಿಬಿರಾಗ್ನಿ. ಬೆಂಗಳೂರಲ್ಲೇ ಹುಟ್ಟಿ ಬೆಳೆದವರಲ್ಲಿ ಬೋರ್‌ವೆಲ್ ಪಂಪ್ ಹೊಡೆದು ನೀರು ಹೊತ್ತದ್ದು ಆ ವಾರವೇ ಮೊದಲು ಅನ್ನುವವರು ಜಾಸ್ತಿ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಬಹಳ ವರ್ಷಗಳ ಕಾಲ ಒಬ್ಬ ಶಿಬಿರಾರ್ಥಿಗೆ ಸಿಗುತ್ತಿದ್ದದ್ದು 450 ರೂಪಾಯಿ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 64 ರೂಪಾಯಿ ಚಿಲ್ಲರೆ. ಅದರಲ್ಲೇ ಮೂರು ಹೊತ್ತು ಊಟ, ಬಸ್ಸು, ಶಾಮಿಯಾನ, ಬ್ಯಾನರು. ವರ್ಷದ ಉಳಿದ ಚಟುವಟಿಕೆಗೆ ತಲಾ 250. ಬೆಂಗಳೂರಲ್ಲಿ ಇಷ್ಟಕ್ಕೆ ಏನು ಬರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಕ್ಕಿ, ಬೇಳೆ ಊರವರು ಕೊಟ್ಟರು, ಹಾಲು ಡೇರಿಯವರು ಕೊಟ್ಟರು, ಉಳಿದದ್ದು ಮೇಷ್ಟ್ರ ಜೇಬಿಂದ ಹೋಯಿತು. ಅಂದರೆ ಹಳ್ಳಿಗೆ ಸೇವೆ ಮಾಡಲು ಹೋದ ಶಿಬಿರಕ್ಕೆ ಹಳ್ಳಿಯೇ ಅನ್ನ ಹಾಕಿತು. ಇದು ಒಂದು ಥರ ವಾರಾನ್ನವೇ ಅಲ್ವಾ?

ಮೊದಲ ದಶಕಗಳ ಶಿಬಿರಗಳಿಗೆ ದೆಹಲಿಯಿಂದಲೇ ವಿಷಯ ಬರುತ್ತಿತ್ತು. 1973ರ ಬರಗಾಲದಲ್ಲಿ 'ಬರದ ವಿರುದ್ಧ ಯುವಜನ', ಆಮೇಲೆ ಕೊಳಕು ಮತ್ತು ರೋಗದ ವಿರುದ್ಧ, ಆಮೇಲೆ ಕಾಡು ಬೆಳೆಸಲು. 1986ರಲ್ಲಿ ಒಬ್ಬರು ಒಬ್ಬರಿಗೆ ಅಕ್ಷರ ಕಲಿಸುವ ಸಾಕ್ಷರತೆ ಕಾರ್ಯಕ್ರಮಕ್ಕೆ ವಿದ್ಯಾರ್ಥಿಗಳನ್ನೇ ನಂಬಿಕೊಂಡರು. ಇವುಗಳಲ್ಲಿ ಅಕ್ಷರದ ಕೆಲಸವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಎದುರಿಗೆ ಕೂತವರಿಗೆ ಹೆಸರು ಬರೆಯಲು ಬಂತೋ ಇಲ್ಲವೋ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು.

ಬೆಂಗಳೂರಿನ ಕಾಲೇಜುಗಳಿಗೆ ಬೇರೆ ಜಿಲ್ಲೆಗಳಿಗಿಲ್ಲದ ಒಂದು ಫಜೀತಿ ಇದೆ. ದತ್ತು ತೆಗೆದುಕೊಳ್ಳಲು ಹಳ್ಳಿಯೇ ಉಳಿಯಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ಸುತ್ತಲಿನ ಮಲ್ಲತ್ತಹಳ್ಳಿ, ಉಲ್ಲಾಳ ಈಗ ಹೆಸರಿಗಷ್ಟೇ ಊರು. 2007ರಲ್ಲಿ ನಗರದ ಪಾಲಿಕೆ ಹಿಗ್ಗಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆಯ ಜೊತೆ 110 ಹಳ್ಳಿಗಳೂ ನಗರದೊಳಗೆ ಬಂದವು. ಶಿಬಿರದ ಬಸ್ಸುಗಳು ಮಾಗಡಿ, ಕನಕಪುರ, ನೆಲಮಂಗಲ, ಆನೇಕಲ್ ಕಡೆಗೆ ದೂರ ದೂರ ಹೋಗತೊಡಗಿದವು. ಇತ್ತ ನಗರಕ್ಕೆ ಸೇರಿದ ಹಳ್ಳಿಗಳಲ್ಲಿ ಎಷ್ಟೋ ಕಡೆ ಕಾವೇರಿ ನೀರು, ಒಳಚರಂಡಿ ಬರುವುದು ವರ್ಷಗಟ್ಟಲೆ ತಡವಾಯಿತು. ಶಿಬಿರ ಬೇಕಿದ್ದದ್ದು ಕಾಲೇಜಿನ ಹಿಂದಿನ ಬೀದಿಯಲ್ಲೇ. ಆದರೆ ಶಿಬಿರ ಅಂದರೆ ಹಳ್ಳಿ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಇದನ್ನು ಬೇರೆ ರೀತಿ ಮಾಡಿದವರೂ ಇದ್ದಾರೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾದದ್ದು. ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ಇರಿಸಿ ಕಲಿಸುವುದು, ಓದು ಮುಗಿಸಿದವರನ್ನು ಗ್ರಾಮೀಣ ಆಸ್ಪತ್ರೆಗಳಿಗೆ ಕಳಿಸುವುದು ಅಲ್ಲಿ ವ್ಯವಸ್ಥೆಯ ಭಾಗ. ಕ್ರೈಸ್ಟ್‌ನಲ್ಲಿ 1999ರಲ್ಲಿ ಶುರುವಾದ ಸಮಾಜ ಕಾರ್ಯ ಕೇಂದ್ರ ಎನ್‌ಎಸ್‌ಎಸ್‌ಗೆ ಹೊರತಾಗಿ ತನ್ನದೇ ಸ್ವಯಂಸೇವಕರನ್ನು ಕಟ್ಟಿಕೊಂಡಿತು. ಹಣ, ಪೂರ್ತಿ ಹೊತ್ತಿನ ಸಿಬ್ಬಂದಿ ಇರುವ ಸಂಸ್ಥೆಗಳಿಗೆ ಇದು ಸಾಧ್ಯ. ಸರ್ಕಾರಿ ಪದವಿ ಕಾಲೇಜಿಗೆ ಆ ಒಬ್ಬ ಮೇಷ್ಟ್ರೇ ಗತಿ.

ವೈದ್ಯರ ವಿಷಯದಲ್ಲಿ ಕರ್ನಾಟಕ ಕಡ್ಡಾಯವನ್ನು ಕಾನೂನಿಗೇ ತಂದು ನೋಡಿತು. 2012ರ ಕಾಯ್ದೆಯಲ್ಲಿ ವೈದ್ಯಕೀಯ ಓದು ಮುಗಿಸಿದವರಿಗೆ ಒಂದು ವರ್ಷ ಸರ್ಕಾರಿ ಸೇವೆ ಅಂತ ಆಯಿತು. ಕೋರ್ಟು, ಕಚೇರಿ ಅಂತ ವರ್ಷಗಟ್ಟಲೆ ಎಳೆದಾಡಿತು. ವರ್ಷ ವರ್ಷ ಹೊರಬರುವ ಅಷ್ಟೂ ವೈದ್ಯರಿಗೆ ಸಂಬಳದ ಹುದ್ದೆ ತರುವುದೆಲ್ಲಿಂದ? 2023ರಲ್ಲಿ ಸರ್ಕಾರವೇ ಅದನ್ನು ಸಡಿಲಿಸಿತು. ದೇಶ್‌ಮುಖ್ ಸಮಿತಿಯ ವರದಿ ಎಡವಿದ ಕಲ್ಲೇ ಇದಕ್ಕೂ ಸಿಕ್ಕಿತು.

ಹಾಗಾದರೆ ಖರ್ಚಿಲ್ಲದೆ ಕಡ್ಡಾಯ ಮಾಡುವುದು ಹೇಗೆ? ಅಂಕ ಕೊಡುವುದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿಬಿಸಿಎಸ್ ಅನ್ನುವ ಕ್ರೆಡಿಟ್ ಪದ್ಧತಿ ಬಂದಾಗ ಪಠ್ಯದ ಜೊತೆಗಿನ, ಪಠ್ಯದ ಹೊರಗಿನ ಚಟುವಟಿಕೆಗಳಿಗೆ 'ಸಿಸಿ-ಇಸಿ' ಅಂಕ ಬಂತು. 2021ರಲ್ಲಿ ರಾಜ್ಯ ಹೊಸ ಶಿಕ್ಷಣ ನೀತಿ ಜಾರಿ ಮಾಡಿದಾಗ ಎನ್‌ಎಸ್‌ಎಸ್, ಯೋಗ, ಕ್ರೀಡೆಗಳಿಗೆ ಕ್ರೆಡಿಟ್ ಸಿಕ್ಕಿತು. 2024ರಲ್ಲಿ ಆ ನೀತಿಯನ್ನೇ ಕೈಬಿಟ್ಟು ಮೂರು ವರ್ಷದ ಪದವಿಗೆ ವಾಪಸ್ ಬಂದೆವು. ವಿಟಿಯುನಲ್ಲಿ ಪಾಯಿಂಟಿನ ಜೊತೆಗೆ ಸಾಮಾಜಿಕ ಸಂಪರ್ಕ ಮತ್ತು ಹೊಣೆಗಾರಿಕೆಯ ಒಂದು ಕೋರ್ಸೂ ಇದೆ. ಗಿಡ ದತ್ತು ಪಡೆಯುವುದು, ಪಾರಂಪರಿಕ ನಡಿಗೆ, ಸಾವಯವ ಕೃಷಿ, ನೀರಿನ ಉಳಿತಾಯ ಎಲ್ಲ ಅದರಲ್ಲಿದೆ. ಕೊನೆಗೆ ತಿಂಡಿ ತಿನಿಸಿನ ನಡಿಗೆಯೂ ಇದೆ. ವಿವಿ ಪುರಂನ ತಿಂಡಿ ಬೀದಿಯ ಹತ್ತಿರ ಇರುವವರಿಗೆ ಅದಂತೂ ಕಷ್ಟದ ಮಾತೇ ಅಲ್ಲ.

ಅಂಕ ಬಂದಲ್ಲಿ ಫೈಲ್ ಬರುತ್ತದೆ, ಫೈಲ್ ಬಂದಲ್ಲಿ ಫೋಟೋ ಬೇಕಾಗುತ್ತದೆ. ಒಂದೇ ಶಾಲೆಯ ಒಂದೇ ಗೋಡೆಗೆ ವರ್ಷ ವರ್ಷ ಬೇರೆ ತಂಡ ಬಂದು ಬಣ್ಣ ಬಳಿಯುವುದು ಹೀಗೆ. ಜೂನ್ 5ಕ್ಕೆ ನೆಟ್ಟ ಗಿಡಕ್ಕೆ ಫೆಬ್ರವರಿಯಲ್ಲಿ ನೀರು ಹಾಕಲು ಯಾರಿಗೂ ಪಾಯಿಂಟ್ ಇಲ್ಲ. ಹಾಗಂತ ಅಂಕವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸಂಜೆ ಕೆಲಸಕ್ಕೆ ಹೋಗಿ ಮನೆ ನಡೆಸುವ ವಿದ್ಯಾರ್ಥಿಗೆ ಇಷ್ಟವಿದ್ದರೂ ಪುಕ್ಕಟೆ ಗಂಟೆ ಕೊಡಲು ಆಗುವುದಿಲ್ಲ. ಆ ಗಂಟೆಗೆ ಓದಿನಲ್ಲೊಂದು ಬೆಲೆ ಸಿಕ್ಕರೆ ಅವರಿಗೂ ಬಾಗಿಲು ತೆರೆಯುತ್ತದೆ. ತೊಂದರೆ ಇರುವುದು, ಗಂಟೆಯನ್ನು ಯಾರು ಕೇಳಿದರು ಅನ್ನುವ ಕಾಲಂ ಆ ಫಾರಂನಲ್ಲಿ ಇಲ್ಲದೆ ಇರುವುದು.

ಕೇಳುವವರು ಬೆಂಗಳೂರಲ್ಲಿ ಬೇಕಾದಷ್ಟಿದ್ದಾರೆ. ಕಣ್ಣು ಕಾಣದ ವಿದ್ಯಾರ್ಥಿಗಳ ಪರೀಕ್ಷೆಯನ್ನೇ ನೋಡಿ. ಅವರು ಹೇಳಿದ್ದನ್ನು ಬರೆಯಲು ಒಬ್ಬ ಲಿಪಿಕಾರ ಬೇಕು, ಆಡುಮಾತಲ್ಲಿ ಸ್ಕ್ರೈಬ್. ಸಮರ್ಥನಂ, ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಪರೀಕ್ಷೆ ಕಾಲದಲ್ಲಿ ಇದಕ್ಕಾಗಿ ಜನ ಹುಡುಕುತ್ತವೆ. 2018ರ ಕೇಂದ್ರದ ಮಾರ್ಗಸೂಚಿಯಂತೆ ಅಭ್ಯರ್ಥಿಯೇ ಕರೆತರುವ ಸ್ಕ್ರೈಬ್‌ನ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಇರುವುದರಿಂದ ಮೂರು ಗಂಟೆಯ ಪೇಪರು ನಾಲ್ಕು ಗಂಟೆಗೆ ಹೋಗುತ್ತದೆ. ಗುದ್ದಲಿ ಬೇಡ, ಬ್ಯಾನರ್ ಬೇಡ, 450 ರೂಪಾಯಿಯೂ ಬೇಡ. ಆದರೆ ಒಪ್ಪಿಕೊಂಡ ದಿನ ತಪ್ಪಿಸುವ ಹಾಗಿಲ್ಲ, ಯಾಕೆಂದರೆ ಒಬ್ಬರ ವರ್ಷವೇ ಹೋಗುತ್ತದೆ.

ಇಂಗ್ಲಿಷ್‌ನಲ್ಲಿ ಪರೀಕ್ಷೆ ಬರೆಯುವವರಿಗೆ ಈ ನಗರದಲ್ಲಿ ಜನ ಹೇಗೋ ಸಿಗುತ್ತಾರೆ. ಹಳ್ಳಿಗಳಿಂದ, ಅಂಧರ ಶಾಲೆಗಳಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದುವವರಿಗೆ ಹುಡುಕಾಟ ಕಷ್ಟ. ಸೇವೆಗೆ ಕೈ ಎತ್ತುವ ಎಷ್ಟೋ ಮಕ್ಕಳು ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಹೇಳಿದಷ್ಟೇ ಬೇಗ, ಒತ್ತಕ್ಷರ ತಪ್ಪದೆ, ನಾಲ್ಕು ಗಂಟೆ ಕನ್ನಡ ಬರೆಯಿರಿ ಅಂದರೆ ಕೈ ಇಳಿಸುತ್ತಾರೆ. ಸರ್ಕಾರಿ ಪಿಯು ಕಾಲೇಜುಗಳಲ್ಲಿ ಅದನ್ನು ಸಲೀಸಾಗಿ ಬರೆಯುವವರು ತುಂಬಿದ್ದಾರೆ. ಮೇಲಿನ ನಿಯಮದಂತೆ ಪದವಿ ಪರೀಕ್ಷೆಗೆ ಬೇಕಾಗಿದ್ದವರೂ ಅವರೇ. ಎನ್‌ಎಸ್‌ಎಸ್ ಘಟಕಗಳು ಆ ಕಾಲೇಜುಗಳಲ್ಲೂ ಇವೆ.