ಕಣ್ಣು ಹಳದಿಯಾದರೆ ಯಕೃತ್ತನ್ನೇ ದೂರಬೇಡಿ

ಮುಂಬಯಿಯ ಕಿಂಗ್ಸ್ ಸರ್ಕಲ್‌ನಲ್ಲಿ ನಿಂತ ನೀರು ಇಳಿದು ವಾರ, ಹತ್ತು ದಿನವಾಗಿರುತ್ತದೆ. ಮಾಟುಂಗಾದ ಹೋಟೆಲ್ ಹುಡುಗನಿಗೆ ಜ್ವರ ಬಂದರೆ ‘ಮಳೆಯಲ್ಲಿ ನೆನೆದದ್ದು’ ಎಂದು ಒಂದು ಮಾತ್ರೆ. ಕಣ್ಣು ಹಳದಿಯಾದರೆ ಊರಿಗೆ ಫೋನು. ಅಲ್ಲಿಂದ ನೆಲನೆಲ್ಲಿ ರಸ, ಉಪ್ಪು ಬಿಟ್ಟ ಪಥ್ಯ. ಯಕೃತ್ತಿಗೆ ತಗಲುವ ವೈರಸ್ ರೋಗ ಹೆಪಟೈಟಿಸ್ ಎ ಆಗಿದ್ದರೆ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಮಾತ್ರ ಮದ್ದಿಗೆ. ಕಣ್ಣು ಹಳದಿ ಮಾಡುವ ಇನ್ನೊಂದು ರೋಗವಾದ ಇಲಿ ಜ್ವರ ಅಷ್ಟು ಉದಾರಿಯಲ್ಲ.

ಇಲಿಯ ಮೂತ್ರದಿಂದ ನೀರಿಗಿಳಿದ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಕಾಲಿನ ಗಾಯದಿಂದಲೋ ನೆನೆದು ಮೆತ್ತಗಾದ ಚರ್ಮದಿಂದಲೋ ಒಳಹೊಕ್ಕು ರಕ್ತಕ್ಕೆ ಸೇರುತ್ತದೆ. ಯಕೃತ್ತಿನಲ್ಲಿ ಅದು ಜೀವಕೋಶಗಳಿಗಿಂತ ಹೆಚ್ಚಾಗಿ ಅವುಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ: ಇಟ್ಟಿಗೆ ಗಟ್ಟಿಯಿದೆ, ಗಾರೆ ಉದುರಿದೆ. ಆ ಸಂದಿಯಿಂದ ಪಿತ್ತ ರಕ್ತಕ್ಕೆ ಸೋರುತ್ತದೆ. ಹಾಗಾಗಿ ಪಿತ್ತದ ಹಳದಿ ವಸ್ತು ಬಿಲಿರುಬಿನ್ ರಕ್ತದಲ್ಲಿ ವಿಪರೀತ ಏರಿದರೂ, ಯಕೃತ್ತಿನ ಜೀವಕೋಶ ಹಾಳಾದಾಗ ಏರುವ ಕಿಣ್ವ ಎಸ್‌ಜಿಪಿಟಿ ಸಾಮಾನ್ಯವಾಗಿ ಕೆಲವು ನೂರರೊಳಗೇ ಇರುತ್ತದೆ. ವೈರಲ್ ಹೆಪಟೈಟಿಸ್‌ನಲ್ಲಿ ಅದು ಸಾವಿರ ದಾಟುವುದುಂಟು.

ನಿಜವಾದ ಅಪಾಯ ಮೂತ್ರಪಿಂಡದಲ್ಲಿದೆ, ಶ್ವಾಸಕೋಶದಲ್ಲಿ ರಕ್ತಸ್ರಾವವಾದರಂತೂ ಇನ್ನೂ ಕೆಟ್ಟದ್ದು. ಮೂತ್ರಪಿಂಡದ ಸೂಕ್ಷ್ಮನಾಳಗಳು ಸೋಡಿಯಂ ಅನ್ನು ಹಿಂದಕ್ಕೆ ಹೀರಿಕೊಳ್ಳಲಾರದೆ ಹೋಗುತ್ತವೆ. ಹರಿದುಹೋಗುವ ಸೋಡಿಯಂ ಜೊತೆಗೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಆದ್ದರಿಂದ ಶುರುವಿನಲ್ಲಿ ಮೂತ್ರ ಧಾರಾಳವಾಗಿ ಹೋಗುತ್ತಿದ್ದರೂ, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಉಳಿಯುವ ಕಸವಾದ ಕ್ರಿಯಾಟಿನಿನ್ ಏರುತ್ತಿರಬಹುದು. ಉಪ್ಪು ಕಳೆದುಕೊಳ್ಳುತ್ತಿರುವವನಿಗೆ ಉಪ್ಪಿಲ್ಲದ ಗಂಜಿ ಕೊಡುವ ಪಥ್ಯಕ್ಕೆ ಏನನ್ನಬೇಕು!

ಜರ್ಮನಿಯ ಅಡಾಲ್ಫ್ ವೈಲ್ 1886ರಲ್ಲೇ ಜ್ವರ, ಕಾಮಾಲೆ, ಮೂತ್ರಪಿಂಡದ ತೊಂದರೆ ಮೂರನ್ನೂ ಒಟ್ಟಿಗೆ ಗುರುತಿಸಿದ್ದ. ರೋಗಾಣುವನ್ನು ಜಪಾನಿನ ಇನಾಡ ಮತ್ತು ಸಂಗಡಿಗರು 1915ರ ಹೊತ್ತಿಗೆ ಕಂಡುಕೊಂಡರು. ಅಲ್ಲಿ ನರಳುತ್ತಿದ್ದವರು ಕಲ್ಲಿದ್ದಲು ಗಣಿಯ ಕೂಲಿಗಳು. ಮುಂಬಯಿ ಈ ಪಾಠ ಕಲಿತದ್ದು 2005ರ ಜುಲೈ 26ರ ನಂತರ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು, ಮುಂದಿನ ವಾರಗಳಲ್ಲಿ ಇಲಿ ಜ್ವರ ಹಬ್ಬಿತು.

ಕಾಮಾಲೆ ಬರುವವರೆಗೆ ಕಾಯುವುದೇ ತಪ್ಪು, ಹೆಚ್ಚಿನವರಿಗೆ ಅದು ಬರುವುದೇ ಇಲ್ಲ. ಜ್ವರದ ಜೊತೆ ಮೀನಖಂಡ ಮುಟ್ಟಿದರೂ ನೋವು, ಪಿಸುರಿಲ್ಲದೆ ಕೆಂಪಾದ ಕಣ್ಣು: ಇವೆರಡು ಕಂಡರೆ ‘ನೀರಿನಲ್ಲಿ ನಡೆದಿದ್ದೆ’ ಎಂದು ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಡೆಂಗಿ ಎಂದುಕೊಳ್ಳುವುದು ಸುಲಭ, ಏಕೆಂದರೆ ಪ್ಲೇಟ್‌ಲೆಟ್ ಇದರಲ್ಲೂ ಇಳಿಯುತ್ತದೆ. ಮೈನೋವಿಗೆ ಐಬುಪ್ರೊಫೆನ್ ಬೇಡ, ಅದು ಮೂತ್ರಪಿಂಡಕ್ಕೆ ಇನ್ನೊಂದು ಹೊರೆ. ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಐಜಿಎಂ ಪರೀಕ್ಷೆ ಮೊದಲ ನಾಲ್ಕೈದು ದಿನ ನೆಗೆಟಿವ್ ಬರಬಹುದು. ಅನುಮಾನ ಬಲವಾಗಿದ್ದರೆ ವೈದ್ಯರು ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ, ರೋಗ ಜೋರಾಗಿದ್ದರೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್.

ಜ್ವರವಿಲ್ಲದೆಯೂ, ನೀರಿನಲ್ಲಿ ನಡೆದ 24ರಿಂದ 72 ಗಂಟೆಯೊಳಗೆ ಮುನ್ನೆಚ್ಚರಿಕೆಗೆ ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ. ಕೊಡುವ ರೂಢಿ ಇಲ್ಲಿದೆ. ಕಾಲಿಗೆ ಗಾಯವಿದ್ದರೆ ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಈ ಮಾತ್ರೆಯ ಬದಲು ಅಜಿಥ್ರೊಮೈಸಿನ್.